ಅಣಬೆ ಸಾರಿಗೆ ಬಿದ್ದ ಉಡಿದಾರ

ನಮ್ಮದು ಅಣಬೆ ತಿನ್ನದ ಮನೆ. ಕೆ.ಆರ್. ಪೇಟೆಯ ಒಂದು ಬೀದಿಯಲ್ಲಿ ಮುಂದೆ ಅಪ್ಪನ ಚಿನ್ನಬೆಳ್ಳಿ ಕೆಲಸದ ಅಂಗಡಿ, ಹಿಂದೆ ಮನೆ. ಮೀನು ಮೊಟ್ಟೆ ಹಾಗಿರಲಿ, ಅಣಬೆಯೂ ಹೊಸಿಲು ದಾಟಿ ಒಳಗೆ ಬರುವಂತಿರಲಿಲ್ಲ. ಬೇಯುವಾಗ ಅದರಿಂದ ಮಾಂಸದ ವಾಸನೆ ಬರುತ್ತದೆ ಎಂಬುದು ಅಮ್ಮನ ಆಕ್ಷೇಪ. ಮಾಂಸ ಬೇಯುವ ವಾಸನೆ ನಿನಗೆ ಹೇಗೆ ಗೊತ್ತು ಎಂದು ನಾನೊಮ್ಮೆ ಕೇಳಿದ್ದಕ್ಕೆ ಅವತ್ತು ನನಗೆ ಕಾಫಿ ಸಿಗಲಿಲ್ಲ.

ಇಂಥ ಮನೆಯ ಮಗಳಾದ ನಾನು ತೊಂಬತ್ತರ ದಶಕದ ನಡುವೆ ಬಿ.ಎಸ್ಸಿ. ಎರಡನೇ ವರ್ಷದಲ್ಲಿ ಅಣಬೆಯ ಹಿಂದೆ ಬಿದ್ದೆ. ಆಸೆಯಿಂದ ಬಿದ್ದದ್ದಲ್ಲ. ಪಾಂಡವಪುರಕ್ಕೆ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಸಸ್ಯಶಾಸ್ತ್ರದ ಮೇಷ್ಟ್ರು ಯಾರು ಏನನ್ನು ಸಂಗ್ರಹಿಸಿ ರೆಕಾರ್ಡು ಬರೆಯಬೇಕೆಂದು ಹಂಚಿದ ದಿನ ನನ್ನ ಬಸ್ಸು ಕೆಟ್ಟು ನಿಂತಿತ್ತು. ಹೋಗುವಷ್ಟರಲ್ಲಿ ಜರೀಗಿಡ, ಪಾಚಿ, ಹುಲ್ಲು, ಚೆಂದದ್ದೆಲ್ಲ ಬೇರೆಯವರ ಪಾಲಾಗಿ, ಯಾರೂ ಮುಟ್ಟದ ಅಣಬೆ ನನಗೆ ಉಳಿದಿತ್ತು. ಕಡೆಗೆ ಬಂದವರಿಗೆ ತಳ ಹಿಡಿದ ಅನ್ನ.

ಮೊದಲ ದಿನವೇ ನನ್ನ ಯೋಗ್ಯತೆ ಬಯಲಾಯಿತು. ಮೇಷ್ಟ್ರು ನಮ್ಮನ್ನು ಶ್ರೀರಂಗಪಟ್ಟಣದ ಕೋಟೆಯ ಕಂದಕಕ್ಕೆ ಕರೆದುಕೊಂಡು ಹೋಗಿದ್ದರು. ಹುಲ್ಲಿನ ನಡುವೆ ಬೆಳ್ಳಗೆ, ಗುಂಡಗೆ ಒಂದು ಕಂಡಿತು. ನಾನು ಮಂಡಿಯೂರಿ ಕೂತು, ಭೂತಗನ್ನಡಿ ಹಿಡಿದು, ಟೋಪಿಯ ಅಗಲ ಅಳೆದು, ನೋಟ್‌ ಪುಸ್ತಕದಲ್ಲಿ ಒಂದು ಲ್ಯಾಟಿನ್ ಹೆಸರು ಬರೆದು ಮೇಷ್ಟ್ರಿಗೆ ತೋರಿಸಿದೆ. ಅವರು ಅದನ್ನು ಎರಡು ಬೆರಳಲ್ಲಿ ಎತ್ತಿ ಮುರಿದರು. ಥರ್ಮೋಕೋಲ್. ಯಾರೋ ಪ್ರವಾಸಿಗರು ಎಸೆದು ಹೋದದ್ದು. ತರಗತಿಯವರು ವರ್ಷವಿಡೀ ನನ್ನನ್ನು ನೋಡಿದಾಗಲೆಲ್ಲ ಆ ಲ್ಯಾಟಿನ್ ಹೆಸರಿನಿಂದಲೇ ಕರೆದರು.

ಅದಾದ ಮೇಲೆ ಪುಸ್ತಕದಿಂದ ಪ್ರಯೋಜನವಿಲ್ಲವೆಂದು ಗೊತ್ತಾಗಿ ಗೌಡ್ತಿಯ ಮೊರೆ ಹೋದೆ. ಸಿಂಧಘಟ್ಟದ ಆಚೆಯ ಹಳ್ಳಿಯಲ್ಲಿ ಆಕೆಯ ಮನೆ. ನಮ್ಮ ತಾತನ ಕಾಲದಿಂದ ಅವರು ನಮ್ಮ ಅಂಗಡಿಯ ಒಕ್ಕಲು. ಆಕೆಯ ತಾಳಿಯಿಂದ ಹಿಡಿದು ಆ ವರ್ಷ ಹುಟ್ಟಿದ ಮೊಮ್ಮಗನ ಬೆಳ್ಳಿ ಉಡಿದಾರದವರೆಗೆ ಎಲ್ಲವೂ ನಮ್ಮಲ್ಲೇ ಆದದ್ದು. ಅಣಬೆ ವಿಚಾರದಲ್ಲಿ ಆ ಸುತ್ತಿಗೆಲ್ಲ ಆಕೆಯದೇ ಕಡೆಯ ಮಾತು. ಗುಡುಗು ಮಳೆ ಆದ ಮಾರನೇ ದಿನ ಹೆಂಗಸರು ಮಂಕರಿ ತುಂಬಿಕೊಂಡು ಆಕೆಯ ಜಗಲಿಗೆ ಬರುತ್ತಿದ್ದರು. ಆಕೆ ಒಂದೊಂದನ್ನೇ ತಿರುವಿ ನೋಡಿ, ತಿನ್ನುವುದನ್ನು ಬಲಕ್ಕೆ, ನಾಯಿಕೊಡೆಯನ್ನು ಎಡಕ್ಕೆ ಹಾಕುತ್ತಿದ್ದರು. ಅನುಮಾನ ಬಂದದ್ದೂ ಎಡಕ್ಕೇ. ಎಷ್ಟೋ ಸಲ ಮಂಕರಿ ತುಂಬ ತಂದವರು ಒಂದು ಹಿಡಿ ತೆಗೆದುಕೊಂಡು ಗೊಣಗುತ್ತಾ ಹೋಗುತ್ತಿದ್ದರು. ಆದರೆ ಆಕೆ ಬಲಕ್ಕೆ ಹಾಕಿದ್ದನ್ನು ತಿಂದು ಯಾರೂ ಹೊಟ್ಟೆ ಹಿಡಿದುಕೊಂಡಿರಲಿಲ್ಲ.

ಭಾನುವಾರಗಳಂದು ಅವರ ಜೊತೆ ಕಾಲುವೆ ಏರಿಯ ಹುಲ್ಲಿನಲ್ಲಿ, ಹೊಂಗೆ ತೋಪಿನಲ್ಲಿ ಬಗ್ಗಿ ಬಗ್ಗಿ ತಿರುಗಿದೆ. ಅಕ್ಕಿ ಅಣಬೆ ಎಂದರೆ ಬೆರಳುಗುರಿನಷ್ಟು. ಬೆಳ್ಳಗೆ, ನೆತ್ತಿಯಲ್ಲಿ ಒಂದು ಸಣ್ಣ ಮೊನೆ. ಗೆದ್ದಲು ಇರುವ ನೆಲದಲ್ಲಿ ನೂರಾರು ಒಟ್ಟಿಗೆ ಏಳುತ್ತವೆ. ನಾಲ್ಕು ಹೆಜ್ಜೆ ಆಚೆ ಅಷ್ಟೇ ಬೆಳ್ಳಗಿನ, ಅಷ್ಟೇ ಸಣ್ಣ ಇನ್ನೊಂದು ನಿಂತಿರುತ್ತಿತ್ತು. ಅದು ನಾಯಿಕೊಡೆ. ನನಗೆ ಎರಡೂ ಒಂದೇ. ವ್ಯತ್ಯಾಸ ಹೇಗೆ ಗೊತ್ತಾಯಿತು ಎಂದು ಕೇಳಿದರೆ ಗೌಡ್ತಿಗೆ ನನ್ನ ಓದಿನ ಮೇಲೆ ಕನಿಕರ ಬರುತ್ತಿತ್ತು.

"ಸಂತೇಲಿ ನಿಮ್ಮವ್ವನ್ನ ಎಂಗೆ ಗುರ್ತಿಸ್ತೀಯವ್ವ? ಮೂಗು ಅಳ್ದು ನೋಡೀಯಾ?" ಎಂದರು. ಆಮೇಲೆ, "ಗುರ್ತು ಸಿಕ್ಕದೆ ಇದ್ದುದ್ದ ಮುಟ್ಬ್ಯಾಡ. ಅಷ್ಟೇಯ," ಎಂದರು.

ನಾನು ಅಳೆಯುವುದನ್ನು ಬಿಡಲಿಲ್ಲ. ಪುಸ್ತಕದ ಪ್ರಕಾರ ಅಣಬೆಯ ಟೋಪಿಯನ್ನು ಕಪ್ಪು ಕಾಗದದ ಮೇಲೆ ಬೋರಲು ಹಾಕಿ, ಲೋಟ ಮುಚ್ಚಿ ಇಟ್ಟರೆ ಬೆಳಗಾಗುವಷ್ಟರಲ್ಲಿ ಪುಡಿ ಉದುರಿರುತ್ತದೆ. ಅದರ ಬಣ್ಣ ನೋಡಿ ಜಾತಿ ಹೇಳಬಹುದು. ಒಳಗೆ ಪ್ರವೇಶವಿಲ್ಲದ್ದರಿಂದ ಹಿತ್ತಲ ಒಗೆಯುವ ಕಲ್ಲಿನ ಮೇಲೆ ಈ ಶಾಸ್ತ್ರ ನಡೆಯಿತು. ಲೋಟ ಮಾತ್ರ ಅಡುಗೆ ಮನೆಯದು. ಅಮ್ಮ ಅದನ್ನು ಹುಣಸೆಹಣ್ಣು, ಬೂದಿ, ಬಿಸಿನೀರು ಎಲ್ಲದರಲ್ಲೂ ತೊಳೆದು, ಆದರೂ ಮನಸ್ಸು ಒಪ್ಪದೆ, ಕರುವಿಗೆ ಔಷಧಿ ಹಾಕಲು ಎಂದು ಪಕ್ಕದ ಮನೆಯವರಿಗೆ ಕೊಟ್ಟುಬಿಟ್ಟಳು.

ಇಲ್ಲಿ ನಮ್ಮ ಕಡೆಯ ಒಂದು ಪದ್ಧತಿ ಹೇಳಬೇಕು. ಅಣಬೆ ಸಾರು ಕುದಿಯುವಾಗ ಕೆಲವರು ಅದಕ್ಕೆ ಬೆಳ್ಳಿ ಹಾಕಿ ನೋಡುತ್ತಾರೆ. ಬೆಳ್ಳಿ ಕಪ್ಪಾದರೆ ವಿಷ, ಬೆಳ್ಳಗೇ ಇದ್ದರೆ ಊಟಕ್ಕೆ ಕೂರಬಹುದು. ಇದು ಶುದ್ಧ ಸುಳ್ಳು ಎಂದು ನನ್ನ ಪುಸ್ತಕ ಹೇಳುತ್ತಿತ್ತು. ಪುಸ್ತಕ ಓದದ ಗೌಡ್ತಿಯೂ ಅದನ್ನೇ ಹೇಳುತ್ತಿದ್ದರು: ಬೆಳ್ಳಿಗೆ ಏನು ಗೊತ್ತು ಅಣಬೆ ವಿಚಾರ? ಜೀವಮಾನದಲ್ಲಿ ಒಂದು ಸಲವೂ ಅವರು ಸಾರಿಗೆ ಬೆಳ್ಳಿ ಹಾಕಿರಲಿಲ್ಲ. ಹಾಕಿದ್ದು ಒಂದೇ ಸಲ, ಅದೂ ರೋಷಕ್ಕೆ.

ಅವತ್ತು ಶನಿವಾರ. ಗೌಡ್ತಿಯ ಮಗಳಿಗೆ ತವರಿನಲ್ಲಿ ಹೆರಿಗೆಯಾಗಿ ಐದು ತಿಂಗಳಾಗಿತ್ತು. ಭಾನುವಾರ ಬೆಳಿಗ್ಗೆ ಮಗು ತಾಯಿ ಇಬ್ಬರನ್ನೂ ಕರೆದುಕೊಂಡು ಹೋಗಲೆಂದು ಅವಳ ಅತ್ತೆ, ಅಂದರೆ ಗೌಡ್ತಿಯ ಬೀಗಿತ್ತಿ, ನಾಗಮಂಗಲದಾಚೆಯ ಬೆಳ್ಳೂರಿನಿಂದ ಅವತ್ತೇ ಬಂದಿಳಿದಿದ್ದರು. ಅವರು ತಿಮ್ಮಪ್ಪನ ಒಕ್ಕಲು, ಶನಿವಾರ ಮಾಂಸ ಮೊಟ್ಟೆ ಮುಟ್ಟುವುದಿಲ್ಲ. ಬೀಗರಿಗೆ ಬರೀ ಸೊಪ್ಪಿನ ಸಾರು ಬಡಿಸಿ ಕಳಿಸುವುದಾದರೂ ಹೇಗೆ? ದೇವರೇ ನೋಡಿ ಕಳಿಸಿದ ಹಾಗೆ ಶುಕ್ರವಾರ ಸಂಜೆ ಗುಡುಗಿತ್ತು. ಗೌಡ್ತಿ ಕೋಳಿ ಕೂಗುವ ಹೊತ್ತಿಗೆ ಏರಿಗೆ ಹೋಗಿ ಎರಡು ಮಂಕರಿ ಅಕ್ಕಿ ಅಣಬೆ ತಂದು, ಮಸಾಲೆ ಅರೆದು, ದೊಡ್ಡ ಪಾತ್ರೆಯಲ್ಲಿ ಸಾರು ಮಾಡಿದರು.

ಮುದ್ದೆ ಕಟ್ಟುವ ಹೊತ್ತಿಗೆ ಬೀಗಿತ್ತಿ, ಬೆಳ್ಳಿ ಹಾಕಿ ನೋಡಿದಿರಾ ಎಂದು ಕೇಳಿದರು. ನಮ್ಮಲ್ಲಿ ಆ ಪದ್ಧತಿ ಇಲ್ಲ ಎಂದರು ಗೌಡ್ತಿ. ನಮ್ಮಲ್ಲಿ ಇದೆ ಎಂದರು ಬೀಗಿತ್ತಿ. ಗೌಡ್ತಿಗೆ ಎಲ್ಲಿಲ್ಲದ ಸಿಟ್ಟು ಬಂತು. ತೊಟ್ಟಿಲಲ್ಲಿದ್ದ ಮೊಮ್ಮಗನ ಸೊಂಟದಿಂದ ಉಡಿದಾರ ಬಿಚ್ಚಿ, ತೊಳೆದು, ಎಲ್ಲರೆದುರು ಸಾರಿಗೆ ಇಳಿಬಿಟ್ಟರು. ಎತ್ತಿದಾಗ ಅದು ಬಾಣಲೆಯ ತಳದ ಹಾಗೆ ಕಪ್ಪಾಗಿತ್ತು.

ಮಧ್ಯಾಹ್ನ ಮೂರು ಗಂಟೆಗೆ ನಮ್ಮ ಅಂಗಡಿ ಮುಂದೆ ಟ್ರಾಕ್ಟರು ಬಂದು ನಿಂತಿತು. ಟ್ರೈಲರಿನಿಂದ ಮೊದಲು ಗೌಡ್ತಿ, ಆಮೇಲೆ ಬೀಗಿತ್ತಿ, ಆಮೇಲೆ ಮಗುವನ್ನು ಎತ್ತಿಕೊಂಡ ಮಗಳು, ಕೊನೆಗೆ ಸಾರಿನ ಪಾತ್ರೆ ಇಳಿದವು. ಅಮ್ಮ ಬಾಗಿಲಿಗೆ ಅಡ್ಡ ನಿಂತದ್ದರಿಂದ ಪಾತ್ರೆ ಜಗಲಿಯ ಮೇಲೇ ಉಳಿಯಿತು. ಗೌಡ್ತಿ ನೀರೂ ಕುಡಿಯದೆ ಉಡಿದಾರವನ್ನು ಅಪ್ಪನ ಮುಂದೆ ಇಟ್ಟರು.

"ಆಚಾರ್ರೆ, ಒಂದೋ ನಿಮ್ಮ ಬೆಳ್ಳಿ ಸುಳ್ಳು, ಇಲ್ದಿದ್ರೆ ನನ್ನ ಅಣ್ಬೆ ಸುಳ್ಳು. ಯಾವ್ದು ಅಂತ ನೀವೇ ಯೋಳಿ."

ಅಪ್ಪ ಉಡಿದಾರವನ್ನು ತಿರುಗಿಸಿ ನೋಡಿದರು. ಗಂಧಕ ತಾಗಿದರೆ ಎಂಥ ಬೆಳ್ಳಿಯೂ ಕಪ್ಪಾಗುತ್ತದೆ, ಈರುಳ್ಳಿ ಬೆಳ್ಳುಳ್ಳಿಯಲ್ಲೂ ಅದು ಇರುತ್ತದೆ ಎಂದು ಬಿಡಿಸಿ ಹೇಳಿದರು. ಬೀಗಿತ್ತಿ ತಮ್ಮ ಬೆರಳಿನ ಬೆಳ್ಳಿ ಉಂಗುರವನ್ನು ಮುಂದೆ ಹಿಡಿದರು. ಇಪ್ಪತ್ತು ವರ್ಷದಿಂದ ಈ ಕೈಯಲ್ಲೇ ಬೆಳ್ಳುಳ್ಳಿ ಜಜ್ಜುತ್ತಿದ್ದಾರಂತೆ, ಅದು ಹೊಳೆಯುತ್ತಿತ್ತು. ಅಪ್ಪ ಒರೆಗಲ್ಲು, ಆಸಿಡ್ ಶೀಶೆ ತೆಗೆದರು. ಕಲ್ಲೂ ನಿಮ್ಮದೇ, ಆಸಿಡ್ಡೂ ನಿಮ್ಮದೇ, ತೀರ್ಪೂ ನಿಮ್ಮದೇ ಆದರೆ ಹೇಗೆ ಎಂದರು ಬೀಗಿತ್ತಿ. ಆಮೇಲೆ ಗೌಡ್ತಿಯ ಕಡೆ ತಿರುಗಿ, ಬೀದಿಗೆ ಕೇಳುವ ಹಾಗೆ, "ಅಕ್ಕಸಾಲಿ ಅಕ್ಕನ ಚಿನ್ನಾನೂ ಬುಡಾಕಿಲ್ಲ ಅಂತ ಸುಮ್ಕೆ ಯೋಳವ್ರಾ," ಎಂದರು.

ಅಪ್ಪನ ಕಿವಿ ಕೆಂಪಾದವು. ಮೂವತ್ತು ವರ್ಷ ಆ ಜಗಲಿಯ ಮೇಲೆ ಕೂತ ಮನುಷ್ಯ. ನಮ್ಮ ಬೀದಿಯಲ್ಲಿ ಅವರನ್ನು ಮುಂಗೋಪಿ ಎನ್ನುತ್ತಿದ್ದರು, ಲೆಕ್ಕದಲ್ಲಿ ಜಿಪುಣ ಎನ್ನುತ್ತಿದ್ದರು. ಕಲಬೆರಕೆ ಎಂದು ಯಾರೂ ಅಂದಿರಲಿಲ್ಲ. ಎದುರು ಅಂಗಡಿಯ ಟೈಲರು ಆಗಲೇ ಮಿಷನ್ ನಿಲ್ಲಿಸಿ ಎದ್ದು ನಿಂತಿದ್ದ.

ಅತ್ತ ದರಿ ಇತ್ತ ಪುಲಿ ಎನ್ನುತ್ತಾರಲ್ಲ, ಹಾಗಾಯಿತು. ಯಾರಾದರೂ ಸಾರು ತಿಂದು ಆರೋಗ್ಯವಾಗಿದ್ದರೆ ಅಣಬೆ ಒಳ್ಳೆಯದು, ಅಪ್ಪ ಕಳ್ಳ. ತಿಂದು ನರಳಿದರೆ ಬೆಳ್ಳಿ ಒಳ್ಳೆಯದು, ಅಪ್ಪ ಸತ್ಯವಂತ. ಹೇಳಲು ನಾಚಿಕೆಯಾಗುತ್ತದೆ, ಆ ಗಳಿಗೆಯಲ್ಲಿ ಯಾರಿಗಾದರೂ ಒಂದು ಸಣ್ಣ ವಾಂತಿ, ಜೀವಕ್ಕೆ ಅಪಾಯವಿಲ್ಲದ್ದು, ಆಗಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಆ ಯಾರಾದರೂ ಬೀಗಿತ್ತಿಯೇ ಆದರೆ ಇನ್ನೂ ಒಳ್ಳೆಯದು ಎನಿಸಿತು.

ಅಷ್ಟರಲ್ಲಿ ಅಪ್ಪನಿಗೆ ನನ್ನ ನೆನಪಾಯಿತು. ಮಗಳು ಅಣಬೆಯನ್ನೇ ಓದುತ್ತಿದ್ದಾಳೆ, ಅವಳು ಹೇಳಲಿ ಎಂದರು. ಅವರ ದನಿಯಲ್ಲಿದ್ದ ನಂಬಿಕೆ ಕಂಡು ನನಗೆ ಓಡಿಹೋಗಬೇಕೆನಿಸಿತು. ಗೌಡ್ತಿ ಬೇಯಿಸದೆ ಉಳಿದಿದ್ದ ಒಂದು ಹಿಡಿ ಅಣಬೆಯನ್ನು ಸೆರಗಿನಿಂದ ಬಿಚ್ಚಿದರು. ನಾನು ಭೂತಗನ್ನಡಿ ತಂದು ಟೋಪಿ ನೋಡಿದೆ, ಕಾಂಡ ಸೀಳಿದೆ, ವಿಷದವಕ್ಕೆ ಇರುವಂಥ ಉಂಗುರ ಕಾಂಡಕ್ಕೆ ಇಲ್ಲ ಎಂದೆ, ಬುಡದಲ್ಲಿ ಬಟ್ಟಲು ಇಲ್ಲ ಎಂದೆ. ಹಾಗಾದರೆ ತಿನ್ನಬಹುದಾ ಎಂದು ಬೀಗಿತ್ತಿ ಕೇಳಿದರು. ಕಪ್ಪು ಕಾಗದದ ಮೇಲೆ ನಾಳೆ ಬೆಳಿಗ್ಗೆವರೆಗೆ ಇಟ್ಟರೆ ಗೊತ್ತಾಗುತ್ತದೆ ಎಂದೆ. ತಿಂದರೆ ಅಷ್ಟು ಹೊತ್ತಿಗೆ ನಮಗೇ ಗೊತ್ತಾಗಿರುತ್ತದಲ್ಲ ಎಂದರು ಆಕೆ. ಟೈಲರು ನಕ್ಕ. ಅವನ ಹತ್ತಿರ ಆಮೇಲೆ ನಾನು ರವಿಕೆ ಹೊಲಿಸಲಿಲ್ಲ.

ಮಗು ಅಳತೊಡಗಿತು. ಹಾಲೂಡಿಸಲೆಂದು ಗೌಡ್ತಿಯ ಮಗಳನ್ನು ಒಳಗೆ ಕರೆದುಕೊಂಡು ಹೋದೆ. ಸ್ಕೂಲಿನಲ್ಲಿ ನನಗಿಂತ ಒಂದು ವರ್ಷ ಮುಂದಿದ್ದವಳು ಅವಳು. ನಡುಮನೆಯಲ್ಲಿ ಕೂತವಳೇ ನನ್ನ ಕೈ ಹಿಡಿದುಕೊಂಡಳು.

"ಬೆಳ್ಳೀನೂ ಅಲ್ಲ, ಅಣ್ಬೇನೂ ಅಲ್ಲ ಕಣೇ," ಎಂದಳು. "ನಾನು ಆ ಸಾರಲ್ಲಿ ಎರಡು ಮೊಟ್ಟೆ ಬೇಯಾಕಾಕಿದ್ದೆ."

ಬಾಣಂತಿಯ ಹಸಿವು ಏನೆಂದು ನನಗೆ ಆಗ ಗೊತ್ತಿರಲಿಲ್ಲ. ತಾಯಿ ದಿನಾ ಎರಡು ಮೊಟ್ಟೆ ಕೊಡುತ್ತಿದ್ದರಂತೆ. ಅತ್ತೆ ಬಂದ ದಿನ, ಅದೂ ಶನಿವಾರ, ಬೇರೆ ಒಲೆಯಲ್ಲಿ ಬೇಯಿಸಿದರೆ ಕಣ್ಣಿಗೆ ಬೀಳುತ್ತದೆ. ಹಾಗಾಗಿ ಯಾರೂ ಇಲ್ಲದಾಗ ಕುದಿಯುವ ಸಾರಿಗೇ ಮೊಟ್ಟೆ ಬಿಟ್ಟು, ಸೌಟಿನಲ್ಲಿ ತೆಗೆದು, ಹಿತ್ತಲಲ್ಲಿ ನಿಂತು ತಿಂದಿದ್ದಳು. ಆದರೆ ಕೈಗೆ ಸಿಕ್ಕಿದ್ದು ಒಂದೇ. ಇನ್ನೊಂದು ಒಡೆದು ಸಾರಿನಲ್ಲೇ ಚೂರುಚೂರಾಗಿತ್ತು. ಸಿಪ್ಪೆ ಆಯ್ದು ಹಾಕಿದ್ದಳು, ಬಿಳಿಯ ಚೂರು ಯಾವುದು, ಅಣಬೆ ಯಾವುದು ಎಂದು ಗೊತ್ತಾಗದೆ ಬಿಟ್ಟಿದ್ದಳು. ನಾಳೆಯಿಂದ ಅತ್ತೆಯ ಮನೆಯಲ್ಲಿ ಬಾಳಬೇಕಾದವಳು ತಿಮ್ಮಪ್ಪನ ವಾರ ಕೆಡಿಸಿದವಳು ಎನಿಸಿಕೊಂಡು ಹೋದರೆ, ಸಾಯುವವರೆಗೆ ಆ ಮಾತು ತಪ್ಪುವುದಿಲ್ಲ ಎಂದು ಅತ್ತಳು.

ನನಗೆ ಮೊದಲು ಆದದ್ದು ಖುಷಿ, ಸುಳ್ಳೇಕೆ ಹೇಳಲಿ. ಮೊಟ್ಟೆಯ ಗಂಧಕ ಬೆಳ್ಳಿಯನ್ನು ಕಪ್ಪು ಮಾಡುತ್ತದೆ, ಅಪ್ಪ ಗೆದ್ದರು. ಆಮೇಲೆ ಅವಳ ಮುಖ ನೋಡಿದೆ. ಏನು ಮಾಡಬೇಕೆಂದು ತೋಚದೆ ಅಪ್ಪನನ್ನು ಒಳಗೆ ಕರೆದು ಅಗ್ಗಿಷ್ಟಿಕೆಯ ಪಕ್ಕದಲ್ಲಿ ಪಿಸುಗುಟ್ಟಿದೆ. ಎಷ್ಟು ಮೊಟ್ಟೆ ಎಂದು ಕೇಳಿದರು. ಎರಡು ಎಂದೆ. ಅಪ್ಪ ಕೆಂಡಕ್ಕೆ ಬೂದಿ ಮುಚ್ಚಿ, ಪಂಚೆ ಸರಿಮಾಡಿಕೊಂಡು ಹೊರಗೆ ಹೋದರು. ಈಗ ಎಲ್ಲ ಹೇಳಿಬಿಡುತ್ತಾರೆ ಎಂದು ನಾನು ಬಾಗಿಲಿನ ಚಿಲಕ ಹಿಡಿದು ನಿಂತೆ.

"ತಾಮ್ರ ಸೇರಿಸದೆ ಬೆಸುಗೆ ಕೂರಲ್ಲ ಅವ್ವ," ಎಂದರು ಅಪ್ಪ. "ಬೆಸುಗೆ ಹಾಕೋ ಬೆಳ್ಳಿ ಯಾವತ್ತೂ ಚೊಕ್ಕ ಅಲ್ಲ. ಬುಟ್ಟೋಗಿ, ಸರಿ ಮಾಡ್ಕೊಡ್ತೀನಿ. ಅಣ್ಬೆ ಮೇಲೆ ಅನುಮಾನ ಬ್ಯಾಡ."

ಅಪ್ಪ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಕೇಳಿದವರಿಗೆ ಅದು ತಪ್ಪೊಪ್ಪಿಗೆಯ ಹಾಗೆ ಕೇಳಿಸಿತು. ಬೀಗಿತ್ತಿ, ನೋಡಿದಿರಾ ಎನ್ನುವಂತೆ ಸುತ್ತ ನೋಡಿದರು. ಟೈಲರು ತಲೆ ಅಲ್ಲಾಡಿಸಿದ. ಗೆದ್ದ ಗೌಡ್ತಿಯ ಮುಖ ಮಾತ್ರ ಸೋತವರ ಹಾಗೆ ಬಾಡಿತು.

ಎಲ್ಲರೂ ಬೆಳಗಿನಿಂದ ಉಪವಾಸ. ಅಮ್ಮನಿಗೆ ಅಣಬೆ ಆಗದಿದ್ದರೂ ಹಸಿದವರನ್ನು ನೋಡಲಾಗದು. ಜಗಲಿಯ ಮೇಲೆ ಮುತ್ತುಗದ ಎಲೆ ಹಾಕಿ ಅನ್ನ ಬಡಿಸಿದಳು. ಸಾರನ್ನು ಮಾತ್ರ ಅವರವರೇ ಬಡಿಸಿಕೊಳ್ಳಬೇಕೆಂದಳು. ಗೌಡ್ತಿ ಮೊದಲು ತಿಂದರು. ಬೀಗಿತ್ತಿ ಕಾಲು ಗಂಟೆ ಅವರ ಮುಖವನ್ನೇ ನೋಡುತ್ತಾ ಕೂತರು. ಗೌಡ್ತಿ ಎರಡನೇ ಸಲ ಸಾರು ಹಾಕಿಕೊಂಡಾಗ ಬೀಗಿತ್ತಿಗೆ ತಡೆಯಲಾಗಲಿಲ್ಲ.

ಅವರ ಎಲೆಗೆ ಬಿದ್ದ ಸಾರಿನಲ್ಲಿ ಒಂದು ದಪ್ಪ ಬಿಳಿ ಚೂರಿತ್ತು. ಅದು ಅಣಬೆಯಲ್ಲ ಎಂದು ನನಗೂ ಗುರುತು ಸಿಕ್ಕಿತು, ಅದೂ ಭೂತಗನ್ನಡಿ ಇಲ್ಲದೆ. ಗೌಡ್ತಿಯ ಮಗಳು ನನ್ನ ತೋಳು ಹಿಡಿದ ಹಿಡಿತಕ್ಕೆ ಆಮೇಲೆ ನೀಲಿಗಟ್ಟಿತ್ತು. ಬೀಗಿತ್ತಿ ಚೂರನ್ನು ಬಾಯಿಗಿಟ್ಟು ಎರಡು ಸಲ ಅಗಿದರು. ನಿಲ್ಲಿಸಿದರು. ಒಂದು ಕ್ಷಣ ಕಣ್ಣು ಮುಚ್ಚಿ, ನುಂಗಿದರು. ಸಾರು ಚೆನ್ನಾಗಿದೆ ಎಂದು ಹೇಳಿ ಇನ್ನೊಂದು ಸೌಟು ಹಾಕಿಕೊಂಡರು. ತಿಮ್ಮಪ್ಪ ಕಾಪಾಡಿದ, ಹೆಂಗಸಿಗೆ ಗೊತ್ತಾಗಲಿಲ್ಲ ಎಂದುಕೊಂಡೆ.

ಅವರೆಲ್ಲ ಹೋದ ಮೇಲೆ ಅಪ್ಪ ಉಡಿದಾರವನ್ನು ಅಂಟುವಾಳದ ನೀರಿನಲ್ಲಿ ಕುದಿಸಿ, ಹುಣಸೆಹಣ್ಣು ಹಾಕಿ ತಿಕ್ಕಿದರು. ಅರ್ಧ ಗಂಟೆಯ ಕೆಲಸ. ಸರಿಮಾಡುವುದಕ್ಕೆ ಅದರಲ್ಲಿ ಬೇರೇನೂ ಇರಲಿಲ್ಲ. ವಾರದ ನಂತರ ಅದು ಬೆಳ್ಳೂರು ಸೇರಿತು. ಅದಕ್ಕಿಂತ ಮುಂಚೆ, ಕೆ.ಆರ್. ಪೇಟೆಯ ಆಚಾರಿ ಬೆಳ್ಳಿಗೆ ತಾಮ್ರ ಬೆರೆಸಿದ್ದನ್ನು ತಾನೇ ಒಪ್ಪಿಕೊಂಡನಂತೆ ಎಂಬ ಸುದ್ದಿ ಸೇರಿತ್ತು. ಗೌರಿ ಹಬ್ಬಕ್ಕೆ ನಾಗಮಂಗಲದ ಕಡೆಯಿಂದ ಒಬ್ಬರೂ ಬರಲಿಲ್ಲ. ಪ್ರತಿವರ್ಷ ಕಾಲುಂಗುರ ಮಾಡಿಸಲು ಬರುತ್ತಿದ್ದ ಮನೆಯವರು ನಮ್ಮ ಅಂಗಡಿ ದಾಟಿ ಮುಂದಿನ ಬೀದಿಗೆ ಹೋದದ್ದನ್ನು ಅಪ್ಪ ನೋಡಿ, ನೋಡದವರ ಹಾಗೆ ಊದುಕೊಳವೆ ಎತ್ತಿಕೊಂಡರು. ಯಾರದೋ ಮನೆಯ ಎರಡು ಮೊಟ್ಟೆಗೆ ನಿನ್ನ ಹೆಸರು ಯಾಕೆ ಕೊಟ್ಟೆ ಎಂದು ಜಗಳ ತೆಗೆದೆ. ಐದು ತಿಂಗಳ ಬಾಣಂತಿ ಹಿತ್ತಲಲ್ಲಿ ನಿಂತು ಕದ್ದು ತಿನ್ನಬೇಕಾಯಿತಲ್ಲ ಎಂದಷ್ಟೇ ಹೇಳಿ ಅಪ್ಪ ಕೆಲಸಕ್ಕೆ ಕೂತರು. ಆ ಉತ್ತರ ನನ್ನ ಸಿಟ್ಟಿಗೆ ಸಾಲಲಿಲ್ಲ.

ಕಾರ್ತೀಕದಲ್ಲಿ ಒಂದು ಬುಧವಾರ ಬೀಗಿತ್ತಿ ಒಬ್ಬರೇ ಬಸ್ಸಿಳಿದು ಬಂದರು. ಕಂಕುಳಲ್ಲಿ ಬಟ್ಟೆಯ ಗಂಟು. ಅದರಲ್ಲಿ ಮನೆಯ ಹಳೇ ಬೆಳ್ಳಿಯೆಲ್ಲ ಇತ್ತು. ಕರಗಿಸಿ ಆರತಿ ತಟ್ಟೆ ಮಾಡಿಕೊಡಬೇಕಂತೆ. ಅಪ್ಪನ ಬಾಯಲ್ಲಿ ಊದುಕೊಳವೆ, ಬೆಸುಗೆ ಕರಗುತ್ತಿತ್ತು, ಮಾತಾಡುವಂತಿರಲಿಲ್ಲ. ನಾನು ನೀರೂ ಕೊಡಲಿಲ್ಲ. ಕಲಬೆರಕೆ ಅಂಗಡಿಗೆ ಯಾಕೆ ಬಂದಿರಿ ಎಂದಷ್ಟೇ ಕೇಳಿದೆ. ಆಕೆ ಜಗಲಿಯ ಮೇಲೆ ಕೂತು ಸೆರಗಿನಿಂದ ಮುಖ ಒರೆಸಿಕೊಂಡರು.

"ಅವತ್ತು ನನ್ನ ಎಲೆಗೆ ಬಿದ್ದುದ್ದು ಮೊಟ್ಟೆ ಅಂತ ಬಾಯ್ಗಿಟ್ಟೇಟ್ಗೆ ಗೊತ್ತಾಯ್ತು ಕಣವ್ವ. ಉಗುದ್ರೆ ಸೊಸೆ ಮಾನ ಓಯ್ತದೆ, ನುಂಗುದ್ರೆ ನನ್ನ ಶನ್ವಾರ ಓಯ್ತದೆ. ಶನ್ವಾರ ಮುಂದ್ಲ ವಾರ್ವೂ ಬತ್ತದೆ ಅಂತ ನುಂಗ್ಬುಟ್ಟೆ." ಗಂಟನ್ನು ಮುಂದೆ ತಳ್ಳಿ, "ನಿಮ್ಮಪ್ಪಾರು ಯಾಕೆ ಒಪ್ಕೊಂಡ್ರು ಅನ್ನೋದೂ ಆಗ್ಲೇ ತಿಳೀತು. ತಿಳಿದೂ ಊರೋರ ಮುಂದೆ ಸುಮ್ಕಿದ್ದೆ. ಮೊಟ್ಟೆ ಅವತ್ತೇ ಅರಗೋಯ್ತು. ಇದು ಇವತ್ಗಂಟ ಅರಗ್ನಿಲ್ಲ," ಎಂದರು.

ನಾನು ಎದ್ದು ಹೋಗಿ ನೀರು ತಂದೆ. ಅಷ್ಟು ಹೊತ್ತಿಗೆ ಅಪ್ಪ ಊದುಕೊಳವೆ ಕೆಳಗಿಟ್ಟಿದ್ದರು. ಗಂಟಿನ ಕಡೆ ನೋಡಲೂ ಇಲ್ಲ.

"ಸೊಸೆ ಎಂಗವ್ಳೆ ಅವ್ವ?" ಎಂದು ಕೇಳಿದರು.

"ದಿನಾ ಎರಡು ಮೊಟ್ಟೆ ತಿಂತಾವ್ಳೆ," ಎಂದರು ಬೀಗಿತ್ತಿ. "ಶನ್ವಾರಾನೂವೆ. ನಾನೇ ಬೇಯ್ಸಿ ಕೊಡ್ತೀನಿ."